ಗೋಡೆಯಾಚೆಯ ನೀರು

ಹಾಜರಿಯಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು ಕಾಗದ. "ಈ ಗೋಡೆಯ ತೇವ ಪಕ್ಕದ ಮನೆಯ ಬಚ್ಚಲಿನಿಂದ ಬರುತ್ತಿದೆ" ಎಂದು ಗೋಡೆಯ ಕೆಲಸ ಬಲ್ಲವರು ಯಾರಾದರೂ ಬರೆದು ರುಜು ಹಾಕಿ ಕೊಡಬೇಕು. ಅದೊಂದು ಕೈಗೆ ಬಂದರೆ, ನಗರಸಭೆಗೆಂದು ಬರೆದಿಟ್ಟ ದೂರಿಗೆ ಪಿನ್ನು ಹೊಡೆದು ಕೊಟ್ಟುಬಿಡುವುದು, ಅವರು ಬಂದು ಆ ಬಚ್ಚಲನ್ನು ಒಡೆಸುವುದು, ಒಂಬತ್ತು ವರ್ಷದ ಪೀಡೆ ತೊಲಗುವುದು. ದೂರು ನಾಲ್ಕು ಪುಟ ಇತ್ತು. ಪಕ್ಕದ ಮನೆಯಲ್ಲಿರುವವಳು ತನ್ನ ಒಡಹುಟ್ಟಿದ ತಂಗಿ ಎಂಬ ವಿಷಯ ಮಾತ್ರ ಆ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ.

ಅವಳ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು. ಮೂವತ್ತೊಂದು ವರ್ಷ ನೂಲಿನ ಗಿರಣಿಯ ಗೇಟಿನಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಬರೆದವಳು ಅವಳು. ಯಾರ ಅಳಲಿಗೂ ಆ ಪೆನ್ನು ಕರಗಿದ್ದಿಲ್ಲ. ಗಂಡ ಅದೇ ಗಿರಣಿಯ ಉಗ್ರಾಣದಲ್ಲಿದ್ದ. ಒಂದು ದಿನ ಅವನು ಎರಡು ನಿಮಿಷ ತಡವಾಗಿ ಬಂದಾಗ ಅವನನ್ನೂ ಬರೆದಿದ್ದಳು. ಆ ದಿನ ಅವನ ಬುತ್ತಿ ಕಟ್ಟುವುದು ತಡವಾಗಿದ್ದದ್ದು ಅವಳಿಂದಲೇ. "ಅದು ಮನೆ ವಿಷಯ, ಇದು ಗೇಟು" ಎಂದಿದ್ದಳಂತೆ. ಗಂಡ ಈ ಕಥೆಯನ್ನು ಬಂದವರಿಗೆಲ್ಲ ನಗುತ್ತಲೇ ಹೇಳುತ್ತಿದ್ದ, ಆದರೆ ಹೇಳುವುದನ್ನು ಎಂದೂ ಬಿಟ್ಟಿರಲಿಲ್ಲ.

ಮನೆ ಅಪ್ಪ ಕಟ್ಟಿಸಿದ್ದು. ಕೆಂಪು ಇಟ್ಟಿಗೆ, ಸುಣ್ಣದ ಗಾರೆ, ಒಂದೂವರೆ ಇಟ್ಟಿಗೆ ದಪ್ಪದ ಗೋಡೆಗಳು. ಅಪ್ಪ ಹೋದ ಮೇಲೆ ನಡುವಿನ ಉದ್ದ ಗೋಡೆಯನ್ನೇ ಗಡಿ ಮಾಡಿಕೊಂಡು ಎಡಭಾಗ ಅಕ್ಕನಿಗೆ, ಬಲಭಾಗ ತಂಗಿಗೆ ಎಂದಾಯಿತು. ಹಳೆಯ ಬಚ್ಚಲು ಅಕ್ಕನ ಪಾಲಿಗೆ ಬಂದಿದ್ದರಿಂದ ತಂಗಿ ತನ್ನ ಕಡೆ ಆ ಗೋಡೆಗೆ ಒತ್ತಿಕೊಂಡಂತೆ ಹೊಸ ಬಚ್ಚಲು ಕಟ್ಟಿಸಿಕೊಂಡಳು. ಅದಾಗಿ ವರ್ಷ ತುಂಬುವುದರೊಳಗೆ ಅಕ್ಕನ ಕಡೆ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿತು, ಉದುರಿತು, ಬಿಳಿ ಉಪ್ಪು ಅರಳಿತು. ತೇವದ ಗೆರೆ ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಗಂಡನ ಮಂಚ ಗೋಡೆಯಿಂದ ವರ್ಷಕ್ಕೆ ಒಂದು ಗೇಣಿನಂತೆ ಈಚೆಗೆ ಸರಿಯುತ್ತಾ ಬಂದು ಈಗ ಕೋಣೆಯ ನಡುಮಧ್ಯದಲ್ಲಿತ್ತು.

ಜಗಳವಾದರೂ ಎಷ್ಟು ಹೊತ್ತಿನದು? ನಾಲ್ಕು ಮಾತು.

"ನಿನ್ನ ಬಚ್ಚಲ ನೀರು ನನ್ನ ಗೋಡೆ ತಿಂತಿದೆ."

"ನನ್ನ ಬಚ್ಚಲು ಸೋರ್ತಾ ಇಲ್ಲ ಅಕ್ಕ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ಹಾಗಲ್ಲ..."

ಆ "ಹಾಗಲ್ಲ" ಏನಾಗಿತ್ತು ಎಂದು ಕೇಳುವ ತಾಳ್ಮೆ ಅಕ್ಕನಿಗಿರಲಿಲ್ಲ. ಅಂದಿಗೆ ಮಾತು ನಿಂತಿತು. ಆಮೇಲೆ ಹೋದದ್ದು ಎರಡು ಕಾಗದ, ಎರಡೂ ಗಿರಣಿಯ ನೋಟಿಸಿನ ಧಾಟಿಯಲ್ಲಿ, ಅಂಚೆ ಚೀಟಿ ಅಂಟಿಸಿಕೊಂಡು, ಹತ್ತು ಹೆಜ್ಜೆ ಆಚೆಗಿನ ಬಾಗಿಲಿಗೆ ಅಂಚೆಯವನ ಕೈಯಲ್ಲೇ. ತಂಗಿಯಿಂದ ಉತ್ತರ ಬರಲಿಲ್ಲ. ಅದನ್ನು ಅಕ್ಕ ಸೊಕ್ಕು ಎಂದು ತೀರ್ಮಾನಿಸಿಕೊಂಡಳು.

ಸಾಕ್ಷಿಗೆ ಅವಳ ಹತ್ತಿರ ಒಂದು ಪುಸ್ತಕವಿತ್ತು. ಬೆಳಿಗ್ಗೆ ಎದ್ದು ಗೋಡೆಗೆ ಕಿವಿ ಕೊಟ್ಟರೆ ಆಚೆಯಿಂದ ನೀರಿನ ಸದ್ದು ಸಣ್ಣಗೆ, ಬಿಡದೆ ಕೇಳುತ್ತಿತ್ತು. ತಂಗಿ ಸ್ನಾನಕ್ಕೆ ಇಳಿದಳು ಎಂದು ಲೆಕ್ಕ. ಸದ್ದು ಶುರುವಾದ ಹೊತ್ತು, ನಿಂತ ಹೊತ್ತು, ಎರಡನ್ನೂ ಬರೆಯುವುದು. ಗೇಟು ಬಿಟ್ಟು ಬಂದ ಕೈಗೆ ಅದೊಂದು ಕೆಲಸವೂ ಆಯಿತು. ಹೀಗೆ ಮೂರು ಪುಸ್ತಕ ತುಂಬಿ ನಾಲ್ಕನೆಯದು ನಡೆದಿತ್ತು.

ಇನ್ನು ಕಾಗದ ಕೊಡಬೇಕಾದವನು. ಗೋಡೆಗೆ ಶೀತ ಹಿಡಿದರೆ ಆ ಊರಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಉಪ್ಪು ಮೇಸ್ತ್ರಿಯನ್ನು. ಒಣಕಲು ಮುದುಕ, ಹೆಗಲಿಗೆ ಒಂದು ಚೀಲ, ಅದರಲ್ಲಿ ಸುತ್ತಿಗೆ, ಉಳಿ, ಅಳತೆ ಟೇಪು, ಓದುವ ಕನ್ನಡಕ. ಗೋಡೆಯ ಉಪ್ಪನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ತಾಗಿಸಿ ನೋಡುತ್ತಾನೆಂದು ಆ ಹೆಸರು. ಅವನು ಬಂದು ಚೀಲ ಇಳಿಸಿದ್ದೇ ತಡ, ಹಾಜರಿಯಮ್ಮ ಕಾಗದವನ್ನೂ ಪೆನ್ನನ್ನೂ ಮುಂದಿಟ್ಟಳು. ಒಕ್ಕಣೆಯನ್ನು ತಾನೇ ಬರೆದಿಟ್ಟಿದ್ದಳು. ರುಜುವಿನ ಜಾಗ ಮಾತ್ರ ಖಾಲಿ.

"ಗೋಡೆ ನೋಡ್ಬೇಡ್ವಾ ಅಮ್ಮ?" ಎಂದ ಮೇಸ್ತ್ರಿ.

"ನೋಡಿ. ನೋಡಿದ ಮೇಲೆ ಹಾಕಿ. ನಾನೇನು ಬಲವಂತ ಮಾಡ್ತಿಲ್ಲ."

ಮೇಸ್ತ್ರಿ ಗೋಡೆಯ ಉದ್ದಕ್ಕೂ ಕೈಯಾಡಿಸುತ್ತಾ ಹೋದ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದ. ಕೆಲವು ಕಡೆ ಸದ್ದು ಗಟ್ಟಿಯಾಗಿತ್ತು, ಕೆಲವು ಕಡೆ ಒಳಗೆ ಟೊಳ್ಳು. ಎದೆಯೆತ್ತರಕ್ಕೆ ಬಂದಾಗ ಕೈ ನಿಂತಿತು.

"ಇಲ್ಲೀತನಕ ಸಿಮೆಂಟು ಬಳಿಸಿದೀರಿ."

"ಆರು ವರ್ಷ ಆಯ್ತು. ಅವಳ ನೀರು ಈ ಕಡೆ ಬರ್ಬಾರ್ದು ಅಂತ. ನೀರು ತಡೆಯೋ ಪುಡಿ ಬೆರೆಸಿ ಮಾಡಿದ್ದು."

"ನಿಂತ್ತಾ?"

ಉತ್ತರ ಗೋಡೆಯ ಮೇಲೇ ಇತ್ತು. ಸೊಂಟಕ್ಕಿದ್ದ ತೇವದ ಗೆರೆ ಸಿಮೆಂಟನ್ನು ದಾಟಿ ಅದರ ಮೇಲೆ ಭುಜದೆತ್ತರಕ್ಕೆ ಏರಿ ಕೂತಿತ್ತು.

"ಇಟ್ಟಿಗೆ ಗೋಡೆ, ಸುಣ್ಣದ ಗಾರೆ ಅಂದ್ರೆ ಉಸಿರಾಡೋ ಗೋಡೆ ಅಮ್ಮ," ಎಂದ ಮೇಸ್ತ್ರಿ. "ಒಳಗೆ ಬಂದ ತೇವ ಮೈಯಿಂದ ಆರಿ ಹೋಗ್ಬೇಕು. ನೀವು ಮುಖ ಮುಚ್ಚಿದ್ರಿ. ಅದು ಮೇಲಕ್ಕೆ ಹತ್ತಿದೆ. ಮೇಲೂ ಸಾಲ್ದೇ ಇದ್ರೆ ಆ ಕಡೆಗೆ ಹೋಗಿರುತ್ತೆ."

"ಹೋಗ್ಲಿ. ಅವಳದೇ ನೀರು, ಅವಳೇ ಇಟ್ಕೊಳ್ಲಿ."

ಮಂಚದ ಮೇಲಿನಿಂದ ಗಂಡ ಕೆಮ್ಮಿದ. ಅವನ ಕೆಮ್ಮಿನಲ್ಲಿ ಅರ್ಧ ತೇವದ್ದು, ಅರ್ಧ ಅಭಿಪ್ರಾಯದ್ದು. ಅದನ್ನು ಹೆಂಡತಿಯೆದುರು ಬಾಯಿ ಬಿಟ್ಟು ಹೇಳುವ ಅಭ್ಯಾಸ ಅವನಿಗೆ ತಪ್ಪಿ ಎಷ್ಟೋ ವರ್ಷವಾಗಿತ್ತು.

ಮೇಸ್ತ್ರಿ ನೆಲದಿಂದ ಒಂದು ಅಡಿ ಮೇಲೆ ಮೂರು ಕಡೆ ಸಿಮೆಂಟನ್ನು ಅಂಗೈಯಗಲ ಒಡೆದ. ಹಿಂದೆ, ಆಚೆಯ ಬಚ್ಚಲಿಗೆ ನೇರ ಎದುರು, ಒಂದು. ನಡುವೆ ಒಂದು. ಮುಂದೆ, ಬೀದಿ ಬಾಗಿಲಿನ ಹತ್ತಿರ, ಇನ್ನೊಂದು. ಹಿಂದಿನ ತೂತಿನಲ್ಲಿ ಇಟ್ಟಿಗೆ ತಣ್ಣಗಿತ್ತು, ಅಷ್ಟೇ. ನಡುವಿನದರಲ್ಲಿ ಬೆರಳಿಗೆ ಪಸೆ ಹತ್ತಿತು. ಮುಂದಿನದಕ್ಕೆ ಉಳಿ ತಾಗಿದರೆ ಇಟ್ಟಿಗೆ ನೆನೆದ ಬಿಸ್ಕತ್ತಿನಂತೆ ಕಿತ್ತು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವನು ಬಹಳ ಹೊತ್ತು ನೋಡಿದ. ಪಕ್ಕದ ಉಪ್ಪನ್ನು ನಾಲಿಗೆಗೆ ತಾಗಿಸಿ, ಬಾಗಿಲಿಗೆ ಹೋಗಿ ಉಗುಳಿ ಬಂದ.

"ಬಚ್ಚಲು ಇರೋದು ಹಿಂದೆ. ಒದ್ದೆ ಇರೋದು ಮುಂದೆ."

"ನೀರು ಹರ್ಕೊಂಡು ಬಂದಿರುತ್ತೆ."

"ಬರೋದಾದ್ರೆ ಹೊರಟ ಜಾಗ ಒಣಗಿರುತ್ತಾ ಅಮ್ಮ? ಬಚ್ಚಲ ನೀರಿಗೆ ಸೋಪಿನ ವಾಸನೆ ಇರುತ್ತೆ. ಇದಕ್ಕೆ ಏನೂ ಇಲ್ಲ."

ಹಾಜರಿಯಮ್ಮನಿಗೆ ರೇಗಿತು. ಎಲ್ಲಿಂದಲೋ ಬಂದು ಗೋಡೆ ನೆಕ್ಕುವ ಮನುಷ್ಯ ತನ್ನ ಒಂಬತ್ತು ವರ್ಷದ ಲೆಕ್ಕವನ್ನು ತಲೆಕೆಳಗು ಮಾಡುವುದೆಂದರೇನು! ಒಳಗೆ ಹೋಗಿ ನಾಲ್ಕೂ ಪುಸ್ತಕ ತಂದು ಅವನ ಮುಂದೆ ದೊಪ್ಪನೆ ಹಾಕಿದಳು.

"ಓದಿ. ಒಂದು ದಿನ ತಪ್ಪಿಲ್ಲ. ನನ್ನ ಕಿವಿಯಾರೆ ಕೇಳಿ ಬರೆದದ್ದು."

ಇದೇ ಅವಳು ಮಾಡಿದ ತಪ್ಪು, ಅಥವಾ ಮಾಡಿದ ಒಳ್ಳೆಯ ಕೆಲಸ. ಬೇರೆ ಯಾವ ಮನೆಯಲ್ಲೂ ಮೇಸ್ತ್ರಿಗೆ ಇಂಥ ಪುಸ್ತಕ ಸಿಕ್ಕಿರಲಿಲ್ಲ. ಜನ ಹೇಳುವುದು "ಯಾವಾಗ್ಲೋ ಒಮ್ಮೊಮ್ಮೆ ಒದ್ದೆಯಾಗುತ್ತೆ" ಎಂದು. ಇಲ್ಲಿ ನೀರಿನ ಹಾಜರಿ ನಿಮಿಷ ಸಮೇತ ಇತ್ತು. ಅವನು ಕನ್ನಡಕ ಏರಿಸಿ, ಚಕ್ಕಳಮಕ್ಕಳ ಹಾಕಿ ಕೂತು, ಬೆರಳಿಟ್ಟು ಓದತೊಡಗಿದ. ಆರು ಐದರಿಂದ ಏಳು. ಆರು ಐದರಿಂದ ಏಳು. ಆರು ಆರರಿಂದ ಏಳು.

"ನಿಮ್ಮ ತಂಗಿ ದಿನಾ ಐವತ್ತೈದು ನಿಮಿಷ ಸ್ನಾನ ಮಾಡ್ತಾರಾ?"

"ಅವಳಿಗೆ ಚಿಕ್ಕಂದಿನಿಂದಲೂ ನೀರಿನ ಹುಚ್ಚು."

ಗಂಡ ಮತ್ತೆ ಕೆಮ್ಮಿದ. ಮೇಸ್ತ್ರಿ ಹಾಳೆ ಮಗುಚಿದ. ಎರಡನೆಯ ಪುಸ್ತಕದಲ್ಲಿ ಒಂದು ಕಡೆ ಎಂಟು ದಿನದ ಸಾಲಿನ ಅಂಚಿಗೆ ಕೆಂಪು ಶಾಯಿಯಲ್ಲಿ ಷರಾ ಇತ್ತು: "ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾಳೆ. ಮನೆಗೆ ಬೀಗ. ನಲ್ಲಿ ತೆರೆದಿಟ್ಟೇ ಹೋಗಿದ್ದಾಳೆ. ಬೇಕೆಂದೇ."

ಮೇಸ್ತ್ರಿ ಆ ಸಾಲನ್ನು ಗಟ್ಟಿಯಾಗಿ ಓದಿದ. ಬರೆಯುವಾಗ ಸರಿಯಾಗಿಯೇ ಇದ್ದ ಮಾತು, ಇನ್ನೊಬ್ಬರ ಬಾಯಿಂದ ಕೇಳುವಾಗ ಹಾಜರಿಯಮ್ಮನಿಗೆ ಯಾಕೋ ಸ್ವಲ್ಪ ವಿಚಿತ್ರವೆನಿಸಿತು. ಅಷ್ಟರಲ್ಲಿ ಅವನ ಬೆರಳು ಮೂರನೆಯ ಪುಸ್ತಕದಲ್ಲಿ ಇನ್ನೊಂದು ಕಡೆ ನಿಂತಿತ್ತು. ಒಂದು ಬೇಸಿಗೆ, ಎರಡು ತಿಂಗಳು, ಸದ್ದು ಐದೂವರೆಗೇ ಶುರುವಾಗಿತ್ತು. ಷರಾ: "ನಾನು ಏಳುವ ಮೊದಲೇ ಮುಗಿಸುವ ಉಪಾಯ."

"ಆ ಬೇಸಿಗೇಲಿ ಬೀದಿಗೆ ನೀರು ಎಷ್ಟು ಹೊತ್ತಿಗೆ ಬಿಡ್ತಿದ್ರು, ನೆನಪಿದೆಯಾ?"

"ಐದೂವರೆಗೆ," ಎಂದ ಗಂಡ ಮಂಚದಿಂದ. ಕೆಮ್ಮದೆ ಆಡಿದ ಮೊದಲ ಮಾತು ಅದು. "ಕೊಡ ತುಂಬಿಸೋಕೆ ನನ್ನನ್ನೇ ಎಬ್ಬಿಸ್ತಿದ್ಲು."

ಮೇಸ್ತ್ರಿ ಪುಸ್ತಕ ಮುಚ್ಚಿ, ಕನ್ನಡಕ ಕಳಚಿ, ಅಂಗಿಯ ಚುಂಗಿನಿಂದ ಒರೆಸಿಕೊಂಡ.

"ನಾಳೆ ಬೆಳಿಗ್ಗೆ ನೀರು ಬಿಡೋ ಹೊತ್ತಿಗೆ ಬರ್ತೀನಿ. ಮನೇಲಿರೋ ನಲ್ಲಿ ಎಲ್ಲ ಮುಚ್ಚಿಡಿ. ಒಂದು ತೊಟ್ಟೂ ಹಿಡೀಬೇಡಿ."

ಮರುದಿನ ಆರಕ್ಕೆ ಮೂವರೂ ಹೊರಗಿನ ಮೀಟರಿನ ಗುಂಡಿಯ ಸುತ್ತ ಕೂತಿದ್ದರು. ಹಾಜರಿಯಮ್ಮ ಪ್ರತಿ ನಲ್ಲಿಯನ್ನೂ ಎರಡೆರಡು ಸಲ ತಿರುಗಿಸಿ ಬಂದಿದ್ದಳು. ಆರು ಗಂಟೆ ಐದು ನಿಮಿಷಕ್ಕೆ ಬೀದಿಯ ಕೊಳವೆ ಗೊರಗುಟ್ಟಿತು. ಮೀಟರಿನ ಸಣ್ಣ ಕೆಂಪು ಮುಳ್ಳು ಒಮ್ಮೆ ಅಲುಗಿತು, ಆಮೇಲೆ ಸರಸರನೆ ತಿರುಗತೊಡಗಿತು. ಹಿಂದೆ ಈ ಮೀಟರು ಹೆಚ್ಚು ತೋರಿಸಿದಾಗ ಅವಳು ಗಂಡನ ಸ್ನಾನಕ್ಕೆ ಎರಡು ಚೊಂಬು ಕಡಿಮೆ ಮಾಡಿದ್ದಳು. ಅವನು ಈಗ ಮುಳ್ಳನ್ನೂ ಅವಳನ್ನೂ ನೋಡಿದ.

"ಒಳಗೆ ಹೋಗಿ ಗೋಡೆಗೆ ಕಿವಿ ಕೊಡಿ," ಎಂದ ಮೇಸ್ತ್ರಿ.

ಹೋದಳು. ಅದೇ ಸದ್ದು. ಹೊರಗೆ ಮೇಸ್ತ್ರಿ ಮೀಟರಿನ ಪಕ್ಕದ ತಿರುಪನ್ನು ಮುಚ್ಚಿದ. ಸದ್ದು ನಿಂತಿತು. ತೆರೆದ, ಮತ್ತೆ ಬಂತು. ಮುಚ್ಚಿದ, ನಿಂತಿತು. ಮೂರು ಸಲ ಹಾಗೆ ಮಾಡಿದ. ನಾಲ್ಕನೆಯ ಸಲ ಮಾಡುವ ಮೊದಲೇ ಹಾಜರಿಯಮ್ಮ ಒಳಗಿನಿಂದ "ಸಾಕು ಬಿಡಿ" ಎಂದು ಕೂಗಿದಳು.

ಮಧ್ಯಾಹ್ನದೊಳಗೆ ಬೀದಿ ಬಾಗಿಲಿನ ಹತ್ತಿರದ ನಾಲ್ಕು ನೆಲಗಲ್ಲು ಎದ್ದವು. ಗೋಡೆಯ ಪಾಯಕ್ಕೆ ತಾಗಿಕೊಂಡು ಅಪ್ಪನ ಕಾಲದ ಕಬ್ಬಿಣದ ಪೈಪು ಹಿಂದಿನ ಅಡುಗೆಮನೆಗೆ ಹೋಗಿತ್ತು. ತುಕ್ಕು ತಿಂದು ಬದಿಯಲ್ಲಿ ಉದ್ದಕ್ಕೆ ಬಿರಿದಿತ್ತು. ಬೀದಿಗೆ ನೀರು ಬಂದಷ್ಟು ಹೊತ್ತೂ ಆ ಬಿರುಕಿನಿಂದ ನೀರು ನೇರವಾಗಿ ಪಾಯಕ್ಕೆ ಹೊಡೆಯುತ್ತಿತ್ತು. ಇಟ್ಟಿಗೆ ಹೀರಿಕೊಳ್ಳುತ್ತಿತ್ತು. ಪೈಪು ಎಡಭಾಗದ್ದು, ಅಂದರೆ ಅವಳದು.

"ಹೊಸ ಪೈಪು ಹೊರಗೋಡೆ ಮೇಲೆ, ಕಣ್ಣಿಗೆ ಕಾಣೋ ಹಾಗೆ ಹಾಕ್ತೀನಿ. ಎರಡು ದಿನದ ಕೆಲಸ," ಎಂದ ಮೇಸ್ತ್ರಿ. "ಗೋಡೆದು ಹಾಗಲ್ಲ. ಈ ಸಿಮೆಂಟೆಲ್ಲ ಕಿತ್ತು, ಇಟ್ಟಿಗೆ ಬೆತ್ತಲೆ ಬಿಡ್ಬೇಕು. ಬ್ರಶ್ಶಲ್ಲಿ ಉಪ್ಪು ಉಜ್ಜಿ ಉಜ್ಜಿ ತೆಗೀಬೇಕು. ಒಂದೂವರೆ ಇಟ್ಟಿಗೆ ಒಣಗೋಕೆ ಏನಿಲ್ಲ ಅಂದ್ರೂ ಆರೇಳು ತಿಂಗಳು. ಆಮೇಲೆ ಸುಣ್ಣದ ಗಾರೆ. ಎರಡೂ ಕಡೆ ಒಟ್ಟಿಗೆ ಆಗ್ಬೇಕು. ಒಂದು ಕಡೆ ಮಾಡಿದ್ರೆ ದಂಡ."

"ಆ ಕಡೆ ನೀವು ಮಾತಾಡಿ."

"ನನ್ನ ಗೋಡೆ ಅಲ್ವಲ್ಲ ಅಮ್ಮ. ನೀವು ಮಾತಾಡಿ." ಹಾಗೆಂದು ಮೇಸ್ತ್ರಿ ರುಜುವಿಲ್ಲದ ಕಾಗದವನ್ನು ಅವಳ ಕೈಗೆ ವಾಪಸು ಕೊಟ್ಟ.

ಹತ್ತು ಹೆಜ್ಜೆ ನಡೆಯಲು ಹಾಜರಿಯಮ್ಮನಿಗೆ ಸಂಜೆಯಾಯಿತು. ಬೇರೆ ಸೀರೆ ಉಟ್ಟಳು. ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ತಪ್ಪು ಯಾರದೆಂದು ಹೇಳದೆ ಕೆಲಸವಾಗುವಂಥ ಮಾತು ಅದು: ಗೋಡೆ ಹಳೆಯದು, ಪೈಪು ಅಪ್ಪನ ಕಾಲದ್ದು, ಮೇಸ್ತ್ರಿ ಹೀಗೆನ್ನುತ್ತಾನೆ. ಇದರಲ್ಲಿ "ನಾನು" ಎಂಬುದು ಒಂದು ಕಡೆಯೂ ಬರದಂತೆ ನೋಡಿಕೊಂಡಿದ್ದಳು. ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ.

ತಂಗಿ ಮುಂದಿನ ಕೋಣೆಯಲ್ಲಿ ಕೂತು ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಅದೇ ಅವಳ ಕಸುಬು. ಗಂಡನೂ ಅದೇ ಮಾಡುತ್ತಿದ್ದ, ಈಗ ಅವನಿಲ್ಲ. ಅಂಟಿನ ಕೈಯಲ್ಲೇ ತಲೆಯೆತ್ತಿ ನೋಡಿದಳು. ಕೂದಲು ಪೂರ್ತಿ ನರೆತಿತ್ತು. ಅದು ಅಕ್ಕನಿಗೆ ಗೊತ್ತಿರಲಿಲ್ಲ.

"ಬಾ ಅಕ್ಕ," ಎಂದಳು, ಅಂಗಡಿಗೆ ಹೋಗಿ ಬಂದವಳನ್ನು ಕರೆದಂತೆ. "ಕೂತ್ಕೋ. ಅಲ್ಲಿ ಬೇಡ, ಆ ಗೋಡೆಗೆ ಒರಗಿದ್ರೆ ಸೀರೆ ಒದ್ದೆಯಾಗುತ್ತೆ."

ಹಾಜರಿಯಮ್ಮ ಗೋಡೆಯನ್ನು ನೋಡಿದಳು. ತನ್ನ ಕಡೆಗಿಂತ ಎರಡು ಪಾಲು ಹೆಚ್ಚು ಹಾಳಾಗಿತ್ತು. ತೇವ ತಲೆಯೆತ್ತರ ದಾಟಿತ್ತು. ಪುಸ್ತಕಗಳನ್ನೆಲ್ಲ ಕೋಣೆಯ ಆಚೆ ಮೂಲೆಗೆ ಒಟ್ಟಲಾಗಿತ್ತು.

"ಯಾವಾಗಿಂದ ಹೀಗೆ?"

"ಐದಾರು ವರ್ಷ ಆಯ್ತು. ನಿನ್ನ ಕಡೆ ಏನೋ ಕೆಲಸ ಮಾಡ್ಸಿದ್ಯಲ್ಲ, ಆಮೇಲೆ."

"ಮೇಸ್ತ್ರಿ ನಿನ್ನ ಬಚ್ಚಲ ಗೋಡೆಯನ್ನೂ ನೋಡ್ಬೇಕಂತೆ," ಎಂದಳು ಹಾಜರಿಯಮ್ಮ. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಗಿ, ಬಾಯಿಗೆ ಸಿಕ್ಕಿದ್ದು ಇಷ್ಟು.

ತಂಗಿ ಕೈ ಒರೆಸಿಕೊಂಡು ಎದ್ದು ಹಿಂದಕ್ಕೆ ಕರೆದುಕೊಂಡು ಹೋದಳು. ಬಚ್ಚಲ ಬಾಗಿಲಿನ ಅಗಳಿ ತುಕ್ಕು ಹಿಡಿದು ಬಿಗಿದಿತ್ತು. ಭುಜ ಕೊಟ್ಟು ತಳ್ಳಬೇಕಾಯಿತು. ಒಳಗೆ ರದ್ದಿ ಕಾಗದದ ಕಟ್ಟುಗಳು, ಕಾಲು ಮುರಿದ ಒಂದು ಕುರ್ಚಿ, ಖಾಲಿ ಅಂಟಿನ ಡಬ್ಬಗಳು. ಎಲ್ಲದರ ಮೇಲೂ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ನಲ್ಲಿ ಇರಬೇಕಾದ ಕಡೆ ಗೋಡೆಯ ತೂತಿಗೆ ಒಂದು ಮರದ ಬೆಣೆ ಹೊಡೆದಿತ್ತು. ನೀರು ಹೋಗುವ ಕಂಡಿಯಲ್ಲಿ ಜೇಡ ಬಲೆ ಕಟ್ಟಿತ್ತು.

ಹಾಜರಿಯಮ್ಮ ಆ ಬೆಣೆಯನ್ನು ಮುಟ್ಟಿ ನೋಡಿದಳು.

"ಇಲ್ಲಿ ನೀರೇ ಇಲ್ವಲ್ಲೇ."

"ನಿನ್ನ ಮೊದಲನೇ ಕಾಗದ ಬಂದ ವಾರವೇ ಕಿತ್ತಿಸ್ದೆ. ನನಗೇನೋ ಸೋರೋ ಹಾಗೆ ಕಾಣ್ಲಿಲ್ಲ, ಆದ್ರೂ ನೀನು ಸುಮ್‌ಸುಮ್ನೆ ಹೇಳೋಳಲ್ಲ ಅಂತ. ಆಮೇಲೆ ಎರಡನೇ ಕಾಗದ ಬಂತು, ಇನ್ನೂ ನಿಂತಿಲ್ಲ ಅಂತ. ಇನ್ನೇನು ಉಳಿದಿದೆ ಅಂತ ನೋಡಿ ಅಡುಗೆಮನೆ ನಲ್ಲೀನೂ ಕಿತ್ತಿಸ್ದೆ."

"ಮತ್ತೆ ನೀರಿಗೆ?"

"ಹಿತ್ತಿಲಲ್ಲಿ ಒಂದು ನಲ್ಲಿ ಇದೆ. ಬಕೆಟ್ಟಲ್ಲಿ ತರ್ತೀನಿ."

"ಸ್ನಾನ?"

"ಅಲ್ಲೇ, ತಗಡು ನಿಲ್ಸಿದೀನಿ. ಸೂರಿಲ್ಲ ಅಷ್ಟೇ." ತಂಗಿ ನಕ್ಕಳು. "ಮಳೆಗಾಲದಲ್ಲಿ ಬಕೆಟ್ಟೂ ಬೇಡ."

ಒಂಬತ್ತು ವರ್ಷ. ಚಳಿಯಲ್ಲಿ, ಮಳೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಪರೇಷನ್ನಿನಿಂದ ಬಂದಾಗಲೂ ಅಲ್ಲೇ. ಈ ಕಡೆ ಬೆಚ್ಚಗೆ ಕೂತು, ಗೋಡೆಗೆ ಕಿವಿ ಕೊಟ್ಟು, ಇವಳ ನೀರಿನ ಹುಚ್ಚನ್ನು ಬರೆದದ್ದು ತಾನು. ಗೇಟಿನಲ್ಲಿ ಕೂತ ಮೂವತ್ತೊಂದು ವರ್ಷದಲ್ಲಿ ಎಷ್ಟೋ ಜನರ ಅಳು ನೋಡಿದ್ದ ಹಾಜರಿಯಮ್ಮನಿಗೆ ತನ್ನ ಅಳುವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ರದ್ದಿಯ ಕಟ್ಟಿನ ಮೇಲೆ ಕುಸಿದು ಕೂತಳು.

"ಒಂದು ಮಾತು ಹೇಳ್ಬಾರ್ದಾಗಿತ್ತೇನೆ? ಕಿತ್ತಿಸಿದೀನಿ ಅಂತ ಒಂದು ಸಾಲು?"

"ಕಾಗದದ ಕೊನೇಲಿ ನೀನೇ ಬರೆದಿದ್ದೆ ಅಕ್ಕ. ಉತ್ತರ ಬೇಕಾಗಿಲ್ಲ, ನೀರು ನಿಲ್ಲಿಸಿದರೆ ಸಾಕು ಅಂತ."

ಬರೆದಿದ್ದಳು. ಗಿರಣಿಯ ನೋಟಿಸಿನ ಕೊನೆಗೆ ಅಂಥದೊಂದು ಸಾಲು ಹಾಕುವುದು ವಾಡಿಕೆ, ಕೈ ತಾನಾಗಿ ಬರೆದಿತ್ತು.

"ಪೈಪು ನಂದು," ಎಂದಳು ಹಾಜರಿಯಮ್ಮ. "ಒಡೆದಿದ್ದು ನನ್ನ ಪೈಪು. ಮೊದಲಿಂದಲೂ ನಂದೇ. ನೀನು ಸೋರ್ತಾ ಇಲ್ಲ ಅಂದಿದ್ದೆ, ನಾನು ಕೇಳ್ಲಿಲ್ಲ. ತಪ್ಪು ನಂದು."

ತಂಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಉಗುರಿಗೆ ಮೆತ್ತಿದ್ದ ಅಂಟನ್ನು ಒಂದೊಂದಾಗಿ ಕೀಳುತ್ತಿದ್ದಳು. ಆಮೇಲೆ ಕೇಳಿದಳು. ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

"ಹಾಗಾದ್ರೆ ಇನ್ಮೇಲೆ ಒಳಗೆ ಸ್ನಾನ ಮಾಡ್ಬಹುದಾ ಅಕ್ಕ?"

ಹಾಜರಿಯಮ್ಮ ಹೌದು ಎನ್ನುವಂತಿರಲಿಲ್ಲ.

"ಇನ್ನೂ ಆರೇಳು ತಿಂಗಳು ಆಗಲ್ವಂತೆ," ಎಂದಳು. "ಗೋಡೆ ಒಣಗ್ಬೇಕು."

"ಆಗ್ಲಿ ಬಿಡು," ಎಂದಳು ತಂಗಿ. "ಆರೇಳು ತಿಂಗಳು ತಾನೇ."

"ಅಲ್ಲೀವರೆಗೆ ನಮ್ಮನೇಗೆ ಬಾ. ಬಿಸಿನೀರು ಕಾಯ್ಸಿ ಕೊಡ್ತೀನಿ. ಇನ್ನೆರಡು ದಿನ, ಪೈಪು ಆಗ್ಲಿ, ಆಮೇಲೆ ದಿನಾ ಬಾ."

ತಂಗಿ ಅಕ್ಕನ ಮುಖವನ್ನು ನೋಡಿದಳು. ಈ ಒಂಬತ್ತು ವರ್ಷದಲ್ಲಿ ತನ್ನನ್ನು ಯಾರೂ ಹೀಗೆ ಬಾ ಎಂದು ಕೇಳಿಕೊಂಡಿರಲಿಲ್ಲ. ತಕ್ಷಣ ಒಪ್ಪಿಗೆ ಕೊಟ್ಟುಬಿಡಲು ಅವಳಿಗೂ ಮನಸ್ಸಾಗಲಿಲ್ಲ.

"ನೋಡೋಣ," ಎಂದಳು, ಮುಂದಿನ ಕೋಣೆಗೆ ಹೋಗಿ ರಟ್ಟು ಹಾಕಲು ಕೂತಳು.

ಹಾಜರಿಯಮ್ಮ ಅಲ್ಲಿಂದ ಏಳಲಿಲ್ಲ. ಕತ್ತಲಾಗುವವರೆಗೂ ಆ ಒಣ ಬಚ್ಚಲಲ್ಲೇ ಕೂತಿದ್ದಳು.